ಆರ್ಥರ್ ಬ್ರೂಮ್ ಅಯ್ಯನವರ ಚರಿತ್ರೆ

ದುಂಡಸಿ, ಶಿಗ್ಗಾಂವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಸೀಮೆಗಳ ಒಕ್ಕಲು ಮನೆಗಳಲ್ಲಿ ಎತ್ತು ಮಗನಿಗೆ ಸಮಾನವಾದದ್ದು. ನಮ್ಮ ಹೊಲದಲ್ಲಿ ದುಡಿಯುವ ತನಕ ಅದಕ್ಕೆ ಹುಲ್ಲು ಹಾಕಿ, ನೀರು ಕುಡಿಸಿ, ಮೈದಡವುತ್ತೇವೆ. ಮಾರಿದ ದಿನವಾದರೋ ಅದರ ಹಗ್ಗವನ್ನು ಬೇರೊಬ್ಬನ ಕೈಗೆ ಕೊಟ್ಟು, ಹಣವನ್ನು ಎಣಿಸಿಕೊಂಡು ಮನೆಗೆ ಬರುತ್ತೇವೆ. ಆಮೇಲೆ ದಾರಿಯಲ್ಲಿ ಅದಕ್ಕೆ ಏನು ಸಂಭವಿಸುವುದೆಂದು ವಿಚಾರಿಸುವವರು ವಿರಳ. ಹಾಗೆ ವಿಚಾರಿಸಿ, ಅದರ ನಿಮಿತ್ತ ತಮ್ಮ ಉದ್ಯೋಗವನ್ನು ಬಿಟ್ಟು ಸೆರೆಮನೆಯನ್ನೂ ಕಂಡ ಒಬ್ಬ ಸಭಾಪಾಲಕರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಆರ್ಥರ್ ಬ್ರೂಮ್ ಅಯ್ಯನವರು 1779ರಲ್ಲಿ ಇಂಗ್ಲೆಂಡ್ ದೇಶದ ಡೆವನ್ ಸೀಮೆಯಲ್ಲಿ ಹುಟ್ಟಿದರು. ಆಕ್ಸ್‌ಫರ್ಡ್ ವಿದ್ಯಾಪೀಠದಲ್ಲಿ ಕಲಿತು, ಪಾದ್ರಿಗಳಾಗಿ ದೀಕ್ಷೆ ಹೊಂದಿ, ಕಾಲಕ್ರಮದಲ್ಲಿ ಲಂಡನ್ ಪಟ್ಟಣದ ಪೂರ್ವಕ್ಕಿರುವ ಬ್ರೊಮ್ಲಿ ಎಂಬಲ್ಲಿಯ ಸಭೆಗೆ ಪಾಲಕರಾದರು.

ಆ ದಿನಗಳಲ್ಲಿ ಲಂಡನ್ನಿನ ನಡುವೆ ಸ್ಮಿತ್‌ಫೀಲ್ಡ್ ಎಂಬ ದೊಡ್ಡ ದನದ ಪೇಟೆಯಿತ್ತು. ದನಗಳನ್ನು ಹೊತ್ತು ತರುವ ರೈಲಾಗಲಿ ಮೋಟಾರಾಗಲಿ ಇನ್ನೂ ಇರಲಿಲ್ಲ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಸೀಮೆಗಳ ದನಗಳು ವಾರಗಟ್ಟಲೆ ನಡೆದೇ ಅಲ್ಲಿಗೆ ಬರಬೇಕಾಗಿತ್ತು. ಗೊರಸು ಸವೆಯದಂತೆ ಅವುಗಳಿಗೆ ಲಾಳ ಕಟ್ಟುತ್ತಿದ್ದರು. ದಣಿದು ಬಂದ ಆ ಮೂಕಪ್ರಾಣಿಗಳನ್ನು ಇಕ್ಕಟ್ಟಾದ ಬೀದಿಗಳಲ್ಲಿ ನೂಕುವುದಕ್ಕಾಗಿ ದನ ಹೊಡೆಯುವವರು ದೊಣ್ಣೆಯಿಂದ ಬಡಿಯುವರು, ಮುಳ್ಳುಗೋಲಿನಿಂದ ತಿವಿಯುವರು. ನೋಡುವವರಿಗೆ ಇದು ನಿತ್ಯದ ಸಂಗತಿಯಾದದರಿಂದ ಅದನ್ನು ಪಾಪವೆಂದು ಎಣಿಸುವವರು ಕಡಿಮೆ.

1822ರಲ್ಲಿ ಐರ್ಲೆಂಡಿನ ರಿಚರ್ಡ್ ಮಾರ್ಟಿನ್ ಎಂಬ ಪಾರ್ಲಿಮೆಂಟ್ ಸಭಾಸದರ ಪ್ರಯತ್ನದಿಂದ ಒಂದು ಕಾಯಿದೆ ಹುಟ್ಟಿತು. ದನ, ಕುರಿ, ಕುದುರೆ, ಕತ್ತೆ ಮೊದಲಾದವುಗಳನ್ನು ಕ್ರೂರವಾಗಿ ಹಿಂಸಿಸಿದವನು 10 ಶಿಲಿಂಗಿನಿಂದ 5 ಪೌಂಡಿನವರೆಗೆ ದಂಡ ತೆರಬೇಕು, ತೆರದಿದ್ದರೆ ಮೂರು ತಿಂಗಳ ವರೆಗೆ ಸೆರೆಯಲ್ಲಿರಬೇಕು ಎಂದು ಗೊತ್ತಾಯಿತು. ಆದರೆ ಕಾಯಿದೆಯು ತಾನಾಗಿಯೇ ಪೇಟೆಗೆ ನಡೆದು ಹೋಗಲಾರದು. ಪೆಟ್ಟು ತಿಂದ ಎತ್ತು ಕಚೇರಿಗೆ ಬಂದು ದೂರು ಹೇಳಲಾರದು. ಯಾರಾದರೂ ದಾರಿಯಲ್ಲಿ ನಿಂತು ನೋಡಿ ಸಾಕ್ಷಿ ನುಡಿಯಬೇಕು.

ಬ್ರೂಮ್ ಅಯ್ಯನವರು ಈ ಕೊರತೆಯನ್ನು ಕಂಡುಕೊಂಡರು. ತಮ್ಮ ಸ್ವಂತ ಹಣದಿಂದ ಆಳನ್ನು ನೇಮಿಸಿ, ಸ್ಮಿತ್‌ಫೀಲ್ಡ್ ಪೇಟೆಯಲ್ಲಿ ಕಾವಲಿರಿಸಿ, ತಪ್ಪು ಮಾಡಿದವರನ್ನು ನ್ಯಾಯಾಧಿಪತಿಗಳ ಮುಂದೆ ತರಿಸಿದರು. ಪಶುಗಳ ಮೇಲೆ ಕರುಣೆಯು ಮನುಷ್ಯನ ಕರ್ತವ್ಯವೆಂದು ಶಾಸ್ತ್ರಾಧಾರದಿಂದ ತೋರಿಸುವ, ಹಂಫ್ರಿ ಪ್ರಿಮಟ್ ಎಂಬ ಪಾದ್ರಿಗಳು 1776ರಲ್ಲಿ ಪ್ರಕಟಿಸಿದ್ದ ಗ್ರಂಥವನ್ನು 1822ರಲ್ಲಿ ತಿರಿಗಿ ಅಚ್ಚುಹಾಕಿಸಿದರು. 1824ರ ಜೂನ್ 16ರಂದು ಲಂಡನ್ನಿನ ಒಂದು ಕಾಫಿ ಅಂಗಡಿಯಲ್ಲಿ ಅವರು ಕರೆದ ಕೂಟಕ್ಕೆ ಮಾರ್ಟಿನ್ ಸಾಹೇಬರೂ, ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಅವರೂ ಬಂದರು. ಪಶುಹಿಂಸೆಯನ್ನು ತಡೆಯುವ ಸಂಘವು ಅಲ್ಲಿ ಸ್ಥಾಪಿತವಾಯಿತು. ಬ್ರೂಮ್ ಅಯ್ಯನವರು ಅದರ ಮೊದಲನೆಯ ಕಾರ್ಯದರ್ಶಿಗಳಾಗಿ, ಸಭಾಪಾಲನೆಯ ಉದ್ಯೋಗವನ್ನೂ ಅದರ ವರಮಾನವನ್ನೂ ಬಿಟ್ಟು ಈ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಟ್ಟರು.

ಕೂಟಕ್ಕೆ ಬಂದು ತಲೆಯಾಡಿಸಿದವರು ಬಹಳ, ಹಣ ಕೊಟ್ಟವರು ಸ್ವಲ್ಪ. ಕಾವಲುಗಾರರ ಸಂಬಳ, ಅಚ್ಚಿನ ವೆಚ್ಚ, ಕಚೇರಿಯ ಖರ್ಚು ಏರುತ್ತಾ ಹೋಗಿ ಸಂಘವು ಸಾಲದಲ್ಲಿ ಬಿತ್ತು. ಆ ಸಾಲಕ್ಕೆ ಹೊಣೆಯಾದವರು ಅಯ್ಯನವರೇ. 1826ರಲ್ಲಿ ಅವರು ಸಾಲಗಾರರ ಸೆರೆಮನೆಗೆ ಹೋಗಬೇಕಾಯಿತು. ಮಾರ್ಟಿನ್ ಸಾಹೇಬರೂ ಲೂಯಿಸ್ ಗೊಂಪರ್ಟ್ಸ್ ಎಂಬ ಯೆಹೂದ್ಯ ಗೃಹಸ್ಥರೂ ಹಣ ಕೂಡಿಸಿ ಅವರನ್ನು ಬಿಡಿಸಿದರು. 1828ರಲ್ಲಿ ಅವರು ಕಾರ್ಯದರ್ಶಿತನವನ್ನು ಬಿಟ್ಟುಕೊಟ್ಟರು. 1837ರಲ್ಲಿ ತೀರಿಹೋದರು.

ಅವರು ಬಿತ್ತಿದ ಬೀಜವಾದರೋ ಮೊಳೆಯಿತು. 1840ರಲ್ಲಿ ವಿಕ್ಟೋರಿಯ ರಾಣಿಯವರು ಸಂಘಕ್ಕೆ ರಾಜಮರ್ಯಾದೆಯ ಹೆಸರನ್ನು ದಯಪಾಲಿಸಿದರು. 1849ರ ಕಾಯಿದೆಯು ಪಶುಗಳನ್ನು ನೋವಾಗುವಂತೆ ಗಾಡಿಯಲ್ಲಿ ಸಾಗಿಸುವುದನ್ನು ಸಹ ಅಪರಾಧವೆಂದು ಎಣಿಸಿತು. 1855ರಲ್ಲಿ ಜೀವಂತ ದನಗಳ ಪೇಟೆಯನ್ನು ಸ್ಮಿತ್‌ಫೀಲ್ಡಿನಿಂದ ಎತ್ತಿ ಊರ ಹೊರಭಾಗಕ್ಕೆ ಸಾಗಿಸಿದರು. ನಮ್ಮ ದೇಶದಲ್ಲಿ 1861ರಲ್ಲಿ ಕಲ್ಕತ್ತೆಯಲ್ಲಿ ಇಂಥದೇ ಸಂಘವು ಹುಟ್ಟಿತು. ಪಶುಹಿಂಸೆಯನ್ನು ತಡೆಯಲು 1890ರಲ್ಲಿ ಒಂದು ಕಾಯಿದೆಯೂ, ಅದರ ಬದಲಿಗೆ 1960ರಲ್ಲಿ ಇನ್ನೊಂದು ಕಾಯಿದೆಯೂ ಆದವು.

ಈ ಕಾಯಿದೆಯ ಕೆಳಗೆ 1978ರಲ್ಲಿ ಮಾಡಿದ ಸಾಗಣೆಯ ನಿಯಮಗಳನ್ನು ನಮ್ಮ ರೈತರು ತಿಳಿದಿರುವುದು ಒಳ್ಳೆಯದು. ಪ್ರಯಾಣಕ್ಕೆ ದನವು ಯೋಗ್ಯವೆಂದು ಪಶುವೈದ್ಯರ ಪ್ರಮಾಣಪತ್ರವಿರಬೇಕು. ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಏರಿಸಬಾರದು. ಕಾಲು ಜಾರದಂತೆ ತಳಕ್ಕೆ ನಾರಿನ ಚಾಪೆಯನ್ನಾಗಲಿ ಹಲಗೆಯನ್ನಾಗಲಿ ಹಾಸಬೇಕು. ಅವು ಬೆದರದಂತೆ ಮುಖವು ಇಂಜಿನಿನ ಕಡೆಗಿರುವುದು ಉತ್ತಮ. ನೋಡಿಕೊಳ್ಳಲು ಒಬ್ಬ ಆಳು ಇರಬೇಕು. ಅದೇ ಲಾರಿಯಲ್ಲಿ ಬೇರೆ ಸರಕನ್ನು ತುಂಬಬಾರದು. ಇನ್ನು ಚಕ್ಕಡಿಯ ಎತ್ತುಗಳ ವಿಷಯದಲ್ಲಿ, 1965ರ ನಿಯಮದಂತೆ ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ಮೀರುವ ಸೀಮೆಯಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ಹೂಡಬಾರದು.

ದುಂಡಸಿಯಿಂದ ಹಾವೇರಿಯ ದನದ ಸಂತೆಗೆ ಎತ್ತನ್ನು ಕಳುಹಿಸುವ ಸಹೋದರನು ಹಗ್ಗವನ್ನು ಕೈಬಿಡುವ ಮುಂಚೆ ಗಾಡಿಯ ಒಳಗೆ ಒಮ್ಮೆ ನೋಡಲಿ. ತಳಕ್ಕೆ ಹಾಸಿದ್ದಾರೋ, ಎಷ್ಟು ದನಗಳನ್ನು ತುಂಬಿದ್ದಾರೆ, ನೀರೂ ಹುಲ್ಲೂ ಉಂಟೋ ಎಂದು ಕೇಳಲಿ. ಸರಿಯಿಲ್ಲದಿದ್ದರೆ, ಬೆಲೆ ಎರಡು ಕಾಸು ಕಡಿಮೆಯಾದರೂ ಬೇರೆ ಗಾಡಿಗೆ ಕಾಯಲಿ. ವಿಶ್ರಾಂತಿದಿನದ ಆಜ್ಞೆಯಲ್ಲಿ ಎತ್ತನ್ನೂ ಕತ್ತೆಯನ್ನೂ ಮರೆಯದ ದೇವರು, ದಾರಿಯಲ್ಲಿ ಬಾಯಾರಿ ನಿಂತಿರುವ ಪ್ರಾಣಿಯನ್ನೂ ಮರೆಯುವಾತನಲ್ಲ. ಬ್ರೂಮ್ ಅಯ್ಯನವರು ಸೆರೆಯನ್ನು ಸಹಿಸಿದರು. ನಮ್ಮಿಂದ ಕೇಳಲ್ಪಡುವುದು ಒಂದು ಗಳಿಗೆಯ ವಿಚಾರಣೆ ಮಾತ್ರವೇ.