ಶಿಲಾರೋಹಿಣಿ ಮಿರಿಯಮ್ ಓಬ್ರಿಯನ್

ಬಳ್ಳಾರಿಯ ಕೋಟೆಗುಡ್ಡವನ್ನು ದಿನವೂ ನೋಡುತ್ತ ಬೆಳೆಯುವ ನಮ್ಮ ಬಾಲಿಕೆಯರಿಗೆ ಬಂಡೆಯು ಹೊಸದಲ್ಲ. ಕುರುಗೋಡಿನಿಂದ ಬಂದವರಿಗೂ ಬೆಟ್ಟದ ಪರಿಚಯವುಂಟು. ಸಿರುಗುಪ್ಪದ ಗದ್ದೆಬಯಲಿನವರು ಮಾತ್ರ ಮೊದಲ ದಿನ ಗುಡ್ಡವನ್ನು ಕಂಡು ಬೆರಗಾಗುತ್ತಾರೆ. ಇವರೆಲ್ಲರೂ ತಿಳಿಯತಕ್ಕ ಒಬ್ಬ ಸ್ತ್ರೀಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮಿರಿಯಮ್ ಓಬ್ರಿಯನ್ 1898ರಲ್ಲಿ ಅಮೆರಿಕಾ ದೇಶದಲ್ಲಿ ಜನಿಸಿದಳು. 1914ರಲ್ಲಿ ತಾಯಿಯೊಡನೆ ಯುರೋಪಿಗೆ ಹೋಗಿ ಆಲ್ಪ್ಸ್ ಪರ್ವತಗಳನ್ನು ಕಂಡಳು. ಬ್ರಿನ್ ಮಾರ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರಗಳನ್ನು ವ್ಯಾಸಂಗಮಾಡಿ 1920ರಲ್ಲಿ ಪದವಿಯನ್ನು ಪಡೆದಳು. ಆ ಮೇಲೆ ಆಲ್ಪ್ಸಿಗೆ ಮರಳಿ, ನುರಿತ ಮಾರ್ಗದರ್ಶಿಗಳ ಸಂಗಡ ಬಂಡೆಗಳನ್ನು ಏರತೊಡಗಿದಳು. 1928ರಲ್ಲಿ ರಾಬರ್ಟ್ ಅಂಡರ್‌ಹಿಲ್ ಎಂಬವನೂ ಇಬ್ಬರು ಮಾರ್ಗದರ್ಶಿಗಳೂ ಜೊತೆಗಿರಲು, ಸೈತಾನನ ಸೂಜಿಗಳೆಂದು ಹೆಸರಾದ ಐದು ಶಿಖರಗಳ ಸಾಲನ್ನು ಮೊತ್ತಮೊದಲಾಗಿ ದಾಟಿದಳು.

ಇಷ್ಟಕ್ಕೆ ಆಕೆಯ ಮನಸ್ಸು ತೃಪ್ತಿಗೊಳ್ಳಲಿಲ್ಲ. ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಏರುವಾಗ ಹಿಂದಿನವರು ಜಾರಿದರೆ ಮೇಲಿನವರು ಹಿಡಿದು ಉಳಿಸಬಲ್ಲರು. ಮುಂದಾಳು ಜಾರಿದರೆ ಅಪಾಯವು ಬಹಳ ಹೆಚ್ಚು. ದಾರಿಯನ್ನು ಹುಡುಕುವುದೂ, ಹವೆಯು ಕೆಟ್ಟರೆ ಹಿಂದಿರುಗಬೇಕೆಂದು ತೀರ್ಮಾನಿಸುವುದೂ ಮುಂದಾಳಿನ ಕೆಲಸವೇ. ಸದಾ ಹಿಂದೆ ಏರುವವಳಿಗೆ ಈ ವಿವೇಚನೆಯು ಬಾರದು. ಗಂಡಸೊಬ್ಬನು ಸಂಗಡವಿದ್ದರೆ ಕಷ್ಟ ಬಂದೊಡನೆ ಅವನೇ ಮುಂದಾಗುವನು. ಆದಕಾರಣ ಸ್ತ್ರೀಯರು ಹೊಣೆಯನ್ನು ಪೂರ್ಣವಾಗಿ ಹೊರಬೇಕಾದರೆ ಸ್ತ್ರೀಯರೇ ಏರತಕ್ಕದ್ದೆಂದು ಆಕೆ ನಿಶ್ಚಯಿಸಿದಳು.

1929ರ ಆಗಸ್ಟ್ 17ರಂದು, ಫ್ರಾನ್ಸಿನ ಆಲಿಸ್ ದಾಮೆಮ್ ಎಂಬಾಕೆಯೊಡನೆ, ಗ್ರೆಪೋನ್ ಎಂಬ ಕಡಿದಾದ ಶಿಖರವನ್ನು ಏರಿದಳು. ಅಲ್ಲಿಯ ಅತಿ ಕಠಿಣವಾದ ಬಿರುಕಿನಲ್ಲಿ ಆಲಿಸಳು ಮುಂದಾಳಾದಳು. ಇಬ್ಬರು ಸ್ತ್ರೀಯರೇ ಏರಿದ ಬಳಿಕ ಆ ಶಿಖರವು ಗಂಡಸರಿಗೆ ತಕ್ಕದ್ದಾಗಿ ಉಳಿಯಲಿಲ್ಲವೆಂದು ಹೆಸರಾಂತ ಆರೋಹಿಯೊಬ್ಬನು ಹಲುಬಿದನಂತೆ! ಮ್ಯಾಟರ್‌ಹಾರ್ನ್ ಪರ್ವತವು 4478 ಮೀಟರು ಎತ್ತರವುಳ್ಳದ್ದು. ಹವೆಯು ಕೆಟ್ಟುದರಿಂದ ಅಲ್ಲಿಂದ ಹಿಂದಿರುಗಬೇಕಾದಾಗ ಮಿರಿಯಮಳು ಹಟಮಾಡದೆ ಹಿಂದಿರುಗಿದಳು. 1932ರಲ್ಲಿ ಆಲಿಸಳೊಡನೆ ಅದರ ತುದಿಯನ್ನು ಮುಟ್ಟಿದಳು.

ಬಳಿಕ ಅಂಡರ್‌ಹಿಲ್ಲನನ್ನು ವಿವಾಹವಾಗಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದಳು. 1956ರಲ್ಲಿ ತನ್ನ ಆರೋಹಣಗಳ ವೃತ್ತಾಂತವನ್ನು ಪುಸ್ತಕವಾಗಿ ಪ್ರಕಟಿಸಿದಳು. ಅರುವತ್ತು ದಾಟಿದ ಮೇಲೂ ಪತಿಯೊಡನೆ ಚಳಿಗಾಲದ ಹಿಮದಲ್ಲಿ ಬೆಟ್ಟಗಳನ್ನು ಏರುತ್ತಿದ್ದು, 1976ರಲ್ಲಿ ತೀರಿಕೊಂಡಳು.

ನಮ್ಮ ಬಾಲಿಕೆಯರು ನಾಳೆಯೇ ಕೋಟೆಗುಡ್ಡದ ಬಂಡೆಗಳನ್ನು ಹತ್ತಲೆಂದು ಇದನ್ನು ಬರೆದಿಲ್ಲ. ತಪ್ಪೀತೆಂಬ ಭಯದಿಂದ ಅವರ ಲೆಕ್ಕವನ್ನು ನಾವೇ ಬಿಡಿಸಿಕೊಡುತ್ತೇವೆ, ಅವರ ಮಾತನ್ನು ನಾವೇ ಆಡುತ್ತೇವೆ. ಮುಂದೆ ನಡೆಯಬೇಕಾದವಳಿಗೆ ಮುಂದೆ ನಡೆಯುವ ಎಡೆಯನ್ನು ಬಿಟ್ಟುಕೊಡಬೇಕೆಂಬ ಈ ಪಾಠವು ಮೊದಲು ಉಪಾಧ್ಯಾಯಿನಿಯರಾದ ನಮಗೇ ಸಲ್ಲತಕ್ಕದ್ದು.