ಉರ್ದು ಬೋರ್ಡಿನ ಕತೆ ಗೊತ್ತು, ಮುಂದಿನ ಕತೆ? ಭಾಲ್ಕಿ ಪಟ್ಟದ್ದೇವರು ಕಟ್ಟಿದ ಮೆಟ್ಟಿಲು

ಬೀದರ್ ಜಿಲ್ಲೆಯಲ್ಲಿ ಯಾರನ್ನೇ ಕೇಳಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಬಗ್ಗೆ ಮೊದಲು ಹೇಳೋದು ಒಂದೇ ಕತೆ. ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು ಅನ್ನೋದು. ನವೆಂಬರ್ ಬಂದರೆ ವೇದಿಕೆಗಳಲ್ಲಿ ಈ ಕತೆ ತಪ್ಪದೆ ಬರುತ್ತೆ, ಚಪ್ಪಾಳೆ ಬೀಳುತ್ತೆ, ಅಲ್ಲಿಗೆ ಮುಗೀತು. ಆ ಶಾಲೆ ಮುಗಿಸಿದ ಮಗು ಮುಂದೆ ಎಲ್ಲಿಗೆ ಹೋಗಬೇಕಿತ್ತು ಅಂತ ಮಾತ್ರ ಯಾರೂ ಕೇಳಲ್ಲ. ಆ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಪಟ್ಟದ್ದೇವರ ಬದುಕು ಇನ್ನೂ ದೊಡ್ಡದಾಗಿ ಕಾಣುತ್ತೆ.

ಅವರು ಹುಟ್ಟಿದ್ದು 1889ರ ಡಿಸೆಂಬರ್ 22ರಂದು, ಕಮಲನಗರದಲ್ಲಿ. ಇತ್ತೀಚೆಗೆ ತಾಲ್ಲೂಕು ಕೇಂದ್ರ ಆಗುವವರೆಗೂ ಈ ಊರು ಔರಾದ್ ತಾಲ್ಲೂಕಿನಲ್ಲೇ ಇತ್ತು. ಗಡಿ ಊರು. ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಮೂರೂ ಭಾಷೆ ಕಿವಿಗೆ ಬೀಳುತ್ತಿದ್ದವು, ಆದರೆ ಸರಕಾರದ ಕೆಲಸಕ್ಕೆ ಬರುತ್ತಿದ್ದದ್ದು ಒಂದೇ. ಮುಂದೆ ಅವರು ಭಾಲ್ಕಿ ಹಿರೇಮಠದ ಪೀಠಕ್ಕೆ ಬಂದರು. ಪೂಜೆ, ಪಾದಪೂಜೆ ಮಾಡಿಸಿಕೊಂಡು ಆರಾಮಾಗಿ ಇರಬಹುದಿತ್ತು. ಅವರು ಶಾಲೆ ಕಟ್ಟಲು ಹೊರಟರು.

ಆಗಿನ ಓದಿನ ದಾರಿ ಹೇಗಿತ್ತು ಅನ್ನೋದನ್ನ ಸ್ವಲ್ಪ ನೋಡಬೇಕು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿಸಿದರು. ವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಿದ ಸಂಸ್ಥೆ ಅದು. ಇಂಗ್ಲಿಷ್ ಇಲ್ಲದೆಯೂ ಉನ್ನತ ಓದು ಸಾಧ್ಯ ಅಂತ ಇಡೀ ದೇಶಕ್ಕೆ ತೋರಿಸಿಕೊಟ್ಟಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಕನ್ನಡ, ಮರಾಠಿ, ತೆಲುಗು ಮನೆಗಳ ಮಕ್ಕಳಿಗೆ ಆ ಉರ್ದುವೂ ಇಂಗ್ಲಿಷಿನಷ್ಟೇ ದೂರ. ಭಾಲ್ಕಿಯ ಹುಡುಗ ಡಿಗ್ರಿ ಮುಟ್ಟಬೇಕಾದರೆ ಉರ್ದುವಿನಲ್ಲಿ ಹೈಸ್ಕೂಲು ದಾಟಿ, ಎರಡು ವರ್ಷದ ಇಂಟರ್‌ಮೀಡಿಯೆಟ್‌ಗೆ ಊರು ಬಿಟ್ಟು, ಆಮೇಲೆ ಹೈದರಾಬಾದಿಗೆ ಹೋಗಬೇಕು. ಪೈಪು ಸೋರೋದು ಜಾಯಿಂಟಿನಲ್ಲಿ. ಮಕ್ಕಳೂ ಅಷ್ಟೇ, ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗಲೇ ಬಿಟ್ಟುಹೋಗುತ್ತಿದ್ದರು. ಹೆಣ್ಣುಮಕ್ಕಳಂತೂ ಮೊದಲ ಜಾಯಿಂಟಿನಲ್ಲೇ.

ಖಾಸಗಿ ಶಾಲೆ ನಡೆಸಲು ಸರಕಾರದ ಅಪ್ಪಣೆ ಬೇಕಿತ್ತು. ಅದಕ್ಕೇ ಆ ಉರ್ದು ಬೋರ್ಡು. ನಾವು ಅದನ್ನ ಬರೀ ಜಾಣತನ ಅಂತ ಓದುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಲೆಕ್ಕ ಕಾಣುತ್ತೆ. ಬಹಿರಂಗವಾಗಿ ಜಗಳಕ್ಕೆ ನಿಂತಿದ್ದರೆ ಶಾಲೆ ಒಂದೇ ದಿನದಲ್ಲಿ ಮುಚ್ಚುತ್ತಿತ್ತು, ಮಕ್ಕಳು ಹೊಲಕ್ಕೆ ವಾಪಸ್ ಹೋಗುತ್ತಿದ್ದರು. ಅವರಿಗೆ ಬೋರ್ಡಿನ ಭಾಷೆಗಿಂತ ಬೆಂಚಿನ ಮೇಲೆ ಕೂತ ಮಗು ಮುಖ್ಯ ಆಗಿತ್ತು. ಅಕ್ಷರ ತಾಯ್ನುಡಿಯಲ್ಲಿ ಗಟ್ಟಿಯಾದರೆ ಮುಂದಿನ ಭಾಷೆ ಯಾವುದೇ ಇರಲಿ, ಹತ್ತಬಹುದು.

ಶಾಲೆಯೊಂದೇ ಸಾಲದು ಅಂತಲೂ ಅವರಿಗೆ ಗೊತ್ತಿತ್ತು. ಹಳ್ಳಿಯಿಂದ ಬರುವ ಬಡ ಹುಡುಗನಿಗೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಎರಡು ಹೊತ್ತಿನ ಊಟ, ಮಲಗಲು ಜಾಗ. ಮಠದಲ್ಲಿ ಜಾತಿ ನೋಡದೆ ಮಕ್ಕಳನ್ನ ಇಟ್ಟುಕೊಂಡು ಓದಿಸಿದರು. ಹೆಣ್ಣುಮಕ್ಕಳ ಓದಿಗೂ ದಾರಿ ಮಾಡಿದರು. ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಅವರ ಕೈಯಲ್ಲಿ ಹುಟ್ಟಿತು. ಬಸವಕಲ್ಯಾಣದ ಅನುಭವ ಮಂಟಪ ಕಟ್ಟಿಸಿದವರೂ ಅವರೇ.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಡಳಿತ ಮುಗಿಯಿತು. 1956ರಲ್ಲಿ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ್, ನಿಲಂಗಾ ಕಡೆಯವರು ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ. ಈ ಭಾಗ ಕನ್ನಡ ನಾಡಿಗೇ ಸೇರಬೇಕು ಅಂತ ದನಿ ಎತ್ತಿದವರಲ್ಲಿ ಪಟ್ಟದ್ದೇವರು ಮುಂದಿದ್ದರು.

ಬೋರ್ಡನ್ನ ಈಗ ಕನ್ನಡದಲ್ಲೇ ಬರೆಯಬಹುದಿತ್ತು. ವಿಶ್ವವಿದ್ಯಾಲಯ ಮಾತ್ರ ಇನ್ನೂ ದೂರ ಹೋಯಿತು. ಹೈದರಾಬಾದ್ ಇಲ್ಲಿಂದ ಸುಮಾರು 140 ಕಿ.ಮೀ. ಇತ್ತು. ಈಗ ಕಲಬುರಗಿ ವಿಭಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂತು. ಅದು 400 ಕಿ.ಮೀ.ಗೂ ಆಚೆ. ಭಾಷೆ ಹತ್ತಿರ ಆಯ್ತು, ದಾರಿ ಮೂರು ಪಟ್ಟು ಉದ್ದ ಆಯ್ತು. ಇಂಥ ಹೊತ್ತಿನಲ್ಲಿ ಭಾಲ್ಕಿಯಲ್ಲೇ ಚನ್ನಬಸವೇಶ್ವರ ಕಾಲೇಜು ಎದ್ದದ್ದು ದೊಡ್ಡ ಮಾತು. ಡಿಗ್ರಿ ತನಕವಾದರೂ ಮಗು ಮನೆ ರೊಟ್ಟಿ ತಿಂದು ಓದಬಹುದಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಾಗ ದೂರ ನೂರು ಚಿಲ್ಲರೆ ಕಿ.ಮೀ.ಗೆ ಇಳಿಯಿತು.

1999ರ ಏಪ್ರಿಲ್ 22ರಂದು, 109ನೇ ವಯಸ್ಸಿನಲ್ಲಿ, ಪಟ್ಟದ್ದೇವರು ಲಿಂಗೈಕ್ಯರಾದರು. ಮೂರು ಆಡಳಿತ, ಮೂರು ವಿಶ್ವವಿದ್ಯಾಲಯಗಳ ಕಾಲವನ್ನ ಒಬ್ಬ ಮನುಷ್ಯ ಕಂಡ. ಪ್ರತಿ ಸಲವೂ ಮೇಲಿನ ಮೆಟ್ಟಿಲು ಎಲ್ಲಿಗೋ ಸರಿಯುತ್ತಿತ್ತು, ಇವರು ಕೆಳಗಿನ ಮೆಟ್ಟಿಲು ಸರಿ ಮಾಡುತ್ತಾ ಹೋದರು.

ಈ ಕತೆ ಈಗ ಯಾಕೆ ಅಂದರೆ, 2023ರಲ್ಲಿ ಬೀದರ್‌ಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಗುಲಬರ್ಗಾ ವಿವಿಯ ಸ್ನಾತಕೋತ್ತರ ಕೇಂದ್ರವಿದ್ದ ಹಾಲಹಳ್ಳಿಯಲ್ಲಿ. ಅದು ಇರೋದು ಭಾಲ್ಕಿ ತಾಲ್ಲೂಕಿನಲ್ಲೇ. ಎರಡು ವರ್ಷ ತುಂಬೋದರೊಳಗೆ, 2025ರ ಆರಂಭದಲ್ಲಿ, ಹೊಸ ವಿವಿಗಳು ಸರಕಾರಕ್ಕೆ ಹೊರೆ, ಒಂಬತ್ತನ್ನು ಮುಚ್ಚಬೇಕು ಅನ್ನೋ ಮಾತು ಸಂಪುಟ ಉಪಸಮಿತಿಯಿಂದ ಬಂತು. ಬೀದರ್ ಆ ಪಟ್ಟಿಯಲ್ಲಿ ಇರಲಿಲ್ಲ. ನಾವು ಉಸಿರು ಬಿಟ್ಟೆವು. ಆದರೆ ಪಟ್ಟಿಯಲ್ಲಿ ಇಲ್ಲದಿರೋದು ಬೇರೆ, ನಡೆಯೋದು ಬೇರೆ. ವಿವಿ ಬರೀ ಬೋರ್ಡಲ್ಲ. ಕಾಯಂ ಅಧ್ಯಾಪಕರು ಬೇಕು, ಲ್ಯಾಬು, ಲೈಬ್ರರಿ ಬೇಕು, ಹಾಸ್ಟೆಲ್ ಬೇಕು. ಹೊರಗೆ ಬೋರ್ಡು ಇದ್ದು ಒಳಗೆ ಏನೂ ಇಲ್ಲದಿದ್ದರೆ ಪಟ್ಟದ್ದೇವರು ಮಾಡಿದ್ದಕ್ಕೆ ತದ್ವಿರುದ್ಧ ಮಾಡಿದ ಹಾಗೆ.

ಇನ್ನು ಜಾಯಿಂಟಿನ ವಿಷಯ. ಭಾಲ್ಕಿ, ಕಮಲನಗರಕ್ಕೆ ರೈಲಿದೆ. ಔರಾದ್‌ಗೆ ಇಲ್ಲ. ಔರಾದಿನ ಸರಕಾರಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಹುಡುಗಿ ಟಿಸಿ, ಅಂಕಪಟ್ಟಿ ಹಿಡಿದು ಬಸ್ ಹತ್ತಿ ಬೀದರ್‌ಗೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಹಾಲಹಳ್ಳಿ ಮುಟ್ಟಬೇಕು, ಕತ್ತಲಾಗುವುದರೊಳಗೆ ಮನೆ ಸೇರಬೇಕು. ಮನೆಯವರು ಬೇಡ ಅನ್ನಲು ಅಷ್ಟು ಸಾಕು. ತರಗತಿ ಸಮಯಕ್ಕೆ ಹೊಂದುವ ಒಂದು ಬಸ್ಸು, ಹೆಣ್ಣುಮಕ್ಕಳಿಗೆ ಒಂದು ಒಳ್ಳೆ ಹಾಸ್ಟೆಲ್, ಪ್ರವೇಶದ ಹೊತ್ತಿಗೆ ತಾಲ್ಲೂಕು ಕಾಲೇಜಿಗೇ ಬಂದು ಅರ್ಜಿ ತುಂಬಿಸುವ ಒಬ್ಬ ಸಿಬ್ಬಂದಿ. ಇವು ಕೋಟಿಗಟ್ಟಲೆ ರೂಪಾಯಿಯ ಮಾತಲ್ಲ. ದೊಡ್ಡ ಸರಕಾರದ ಬೆಂಬಲವಿಲ್ಲದೆ ಒಂದು ಮಠ ಊಟ, ವಸತಿ ಕೊಟ್ಟು ಮಕ್ಕಳನ್ನ ದಾಟಿಸಿದ ಜಿಲ್ಲೆ ಇದು. ಡಿಸೆಂಬರ್ 22ಕ್ಕೆ ಹೂಮಾಲೆ ಹಾಕಲು ಬರುವ ನಮ್ಮ ಜನಪ್ರತಿನಿಧಿಗಳು ಈ ಸಲ ಔರಾದ್–ಹಾಲಹಳ್ಳಿ ಬಸ್ಸಿನ ಟೈಮ್‌ಟೇಬಲ್ ಕೂಡ ತರಲಿ.