ಟೇಲರ್ ಎಂಬ ಅಡ್ಡಹೆಸರು

ನಮ್ಮ ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಅಡ್ಡಹೆಸರು ಕೇಳಿದರೆ ಮನೆತನದ ಹಿಂದಿನ ಕಸುಬು ಎಷ್ಟೋ ಸಲ ತಿಳಿದುಬಿಡುತ್ತದೆ. ಪಾಟೀಲರು ಊರಿನ ಗೌಡಿಕೆ ಮಾಡಿದವರು. ಕುಲಕರ್ಣಿಗಳು ಲೆಕ್ಕ ಬರೆದವರು. ಬಟ್ಟೆ ಹೊಲಿಯುವವನು ಮೊದಲು ದರ್ಜಿಯಾಗಿದ್ದನು. ಇಂಗ್ಲಿಷರ ಕಾಲದಲ್ಲಿ ಟೇಲರ್ ಆದನು. ಭಾಲ್ಕಿಯಲ್ಲಿ ಹೊಲಿಗೆ ಯಂತ್ರ ತುಳಿದು ನನ್ನನ್ನು ಬಿ.ಎ. ತರಗತಿಯವರೆಗೆ ಓದಿಸಿದ ನನ್ನ ತಂದೆಯವರನ್ನೂ ಜನರು ಟೇಲರ್ ಎಂದೇ ಕರೆಯುತ್ತಾರೆ. ಆದ್ದರಿಂದ ಇತಿಹಾಸದಲ್ಲಿ ಆಂಗ್ಲ ಅಧಿಕಾರಿಯೊಬ್ಬನಿಗೆ ಇದೇ ಹೆಸರಿರುವುದನ್ನು ಕಂಡು ಅವನ ಚರಿತ್ರೆಯನ್ನರಿಯುವ ಕುತೂಹಲವು ನನಗುಂಟಾಯಿತು.

ಆತನೇ ಫಿಲಿಪ್ ಮೆಡೋಸ್ ಟೇಲರ್. ಬಟ್ಟೆ ಕತ್ತರಿಸುವವನೆಂಬ ಅರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಈ ಹೆಸರು ಹುಟ್ಟಿತು. ಇಂಗ್ಲೆಂಡಿನಲ್ಲಿ ಅದು ಕುಲನಾಮವಾಗಿ, ಕಸುಬು ಬಿಟ್ಟವರಲ್ಲಿಯೂ ಉಳಿಯಿತು. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿದ ಈತನು 1824ರಲ್ಲಿ ವ್ಯಾಪಾರಿಯೊಬ್ಬನ ಬಳಿ ದುಡಿಯಲೆಂದು ಮುಂಬಯಿಗೆ ಬಂದನು. ಅಲ್ಲಿ ನೆಲೆ ದೊರೆಯದೆ ನಿಜಾಮನ ಸೈನ್ಯವನ್ನು ಸೇರಿದನು. ನಮ್ಮ ಬೀದರವೂ 1948ರವರೆಗೆ ಅದೇ ನಿಜಾಮನ ಸಂಸ್ಥಾನದಲ್ಲಿತ್ತು. ಠಕ್ಕರನ್ನು ಕುರಿತು 1839ರಲ್ಲಿ ಪ್ರಕಟವಾದ ಕಾದಂಬರಿಯು ಇಂಗ್ಲೆಂಡಿನಲ್ಲಿ ಅವನಿಗೆ ಕೀರ್ತಿ ತಂದಿತು.

1841ರಲ್ಲಿ ಆಂಗ್ಲ ಸರಕಾರವು ಅವನನ್ನು ಈಗಿನ ಯಾದಗಿರಿ ಜಿಲ್ಲೆಯ ಸುರಪುರ ಸಂಸ್ಥಾನಕ್ಕೆ ಕಳುಹಿಸಿತು. ರಾಜಾ ವೆಂಕಟಪ್ಪ ನಾಯಕನು ಆಗಿನ್ನೂ ಬಾಲಕ. ಟೇಲರನು ಹದಗೆಟ್ಟ ಆಡಳಿತವನ್ನು ಸರಿಪಡಿಸಿದನು, ಬಾಲಕನ ವಿದ್ಯಾಭ್ಯಾಸವನ್ನು ನೋಡಿಕೊಂಡನು. ಜನರು ಅವನನ್ನು ಮಹಾದೇವ ಬಾಬಾ ಎಂದರು. ರಾಜನು ಅಪ್ಪಾ ಎಂದನು. 1853ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಅಧಿಕಾರವನ್ನೊಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು.

1858ರಲ್ಲಿ ರಾಜನು ಆಂಗ್ಲರ ವಿರುದ್ಧ ಬಂಡೆದ್ದು ಸೋತು, ಹೈದರಾಬಾದಿನಲ್ಲಿ ಸೆರೆಯಾದನು. ಟೇಲರನು ಅವನನ್ನು ಸೆರೆಮನೆಯಲ್ಲಿ ಕಂಡನು. ವಿಧಿಸಿದ್ದ ಮರಣದಂಡನೆಯು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕಿಳಿಯಿತು. ಆದರೆ ಚೆಂಗಲ್‌ಪೇಟೆಗೆ ಒಯ್ಯುವಾಗ ತರುಣ ರಾಜನು ಗುಂಡೇಟಿನಿಂದ ಮಡಿದನು. 1860ರಲ್ಲಿ ಆಂಗ್ಲರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಅದೇ ವರ್ಷ ಟೇಲರನು ಸ್ವದೇಶಕ್ಕೆ ಮರಳಿದನು. 1876ರಲ್ಲಿ ಫ್ರಾನ್ಸಿನ ಮೆಂತೋನ್ ಎಂಬಲ್ಲಿ ತೀರಿಕೊಂಡನು. ಸುರಪುರದ ಗುಡ್ಡದ ಮೇಲಿನ ಅವನ ಬಂಗಲೆಗೆ ಟೇಲರ್ ಮಂಜಿಲ್ ಎಂಬ ಹೆಸರು ಉಳಿದಿದೆ.

ಕುಲನಾಮವು ಹುಟ್ಟಿನಿಂದ ಬಂದದ್ದು. ಅದಕ್ಕಾಗಿ ಅವನು ದುಡಿಯಬೇಕಾಗಿರಲಿಲ್ಲ. ಬಾಬಾ ಎಂಬ ಹೆಸರನ್ನು ಕೆಲಸದಿಂದ ಗಳಿಸಿದನು. ಆದರೆ ಅಪ್ಪಾ ಎಂಬ ಹೆಸರಿನ ಋಣ ದೊಡ್ಡದು. ಟೇಲರನು ಒಳ್ಳೆಯವನಾಗಿದ್ದನೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಮಗನ ರಾಜ್ಯವನ್ನು ಕಸಿದ ಸರಕಾರದ ಸಂಬಳ ಉಣ್ಣುತ್ತಿದ್ದವನು ಆ ಋಣವನ್ನು ಹೇಗೆ ತೀರಿಸಿಯಾನು?